ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು: ದೂರದ ಸೈಕಲ್ ಪ್ರಯಾಣ ಮತ್ತು ಗುರುತಿಲ್ಲದವರು

(ತುಮಕೂರಿನಲ್ಲಿ ಸೈಕಲ್ ಸವಾರರು ಮತ್ತು ಹೆದ್ದಾರಿ ಬದಿಯ ಊರಿನವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದೂರದ ಸೈಕಲ್ ಪ್ರಯಾಣ ಅಂದ ಕೂಡಲೇ ಮಾತು ಗೇರು, ಟೈರು, ದಿನಕ್ಕೆಷ್ಟು ಕಿಲೋಮೀಟರ್ ಎಂಬಲ್ಲಿಗೆ ಹೋಗುತ್ತದೆ. ಹೋಗಲಿ, ಅದೂ ಬೇಕು. ಆದರೆ ಸಾಮಾನು ಹೇರಿಕೊಂಡು 80 ಕಿಲೋಮೀಟರ್ ತುಳಿಯುವ ದಿನ ಸೀಟಿನ ಮೇಲೆ ಕೂರುವುದು ಐದಾರು ಗಂಟೆ. ಎಚ್ಚರವಿರುವ ಉಳಿದ ಹೊತ್ತೆಲ್ಲ ಗುರುತಿಲ್ಲದವರ ನಡುವೆ ಕಳೆಯುತ್ತದೆ: ಟೀ ಅಂಗಡಿ, ಅರಳಿಕಟ್ಟೆ, ಪಂಕ್ಚರ್ ಅಂಗಡಿ, ಹಾಲಿನ ಡೈರಿ, ದೇವಸ್ಥಾನದ ಜಗುಲಿ. ಆ ಹೊತ್ತಿಗೆ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ. ವಾಪಸು ಬಂದ ಮೇಲೆ ‘ಆ ಊರಿನವರು ದೇವರಂಥವರು’, ‘ಈ ಊರಿನವರು ಸರಿಯಿಲ್ಲ’ ಎಂದು ತೀರ್ಪು ಕೊಡುತ್ತಾರೆ. ನಾವು ಹೇಳುವುದಿಷ್ಟು: ಬಹುಪಾಲು ಅದು ಊರಿನ ಗುಣದ ಮಾತಲ್ಲ. ಎಷ್ಟು ಹೊತ್ತಿಗೆ, ಎಲ್ಲಿ ನಿಂತು, ಯಾರನ್ನು, ಯಾವ ಮಾತಿನಲ್ಲಿ ಕೇಳಿದಿರಿ ಎಂಬುದರ ಮೇಲೆ ನಿಮಗೆ ಸಿಕ್ಕ ಉತ್ತರ ನಿಂತಿರುತ್ತದೆ. ಇದನ್ನು ಕಲಿಯಬಹುದು.

ಮೊದಲು ಜನ ಸುತ್ತುವರಿಯುವ ಸಂಗತಿ. ಇದು ಸೈಕಲ್ಲಿನಷ್ಟೇ ಹಳೆಯದು. ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಮುಂದಿನ ಚಕ್ರ ಆಳೆತ್ತರವಿದ್ದ ಸೈಕಲ್ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರ ಕೊನೆಗೆ ಜಪಾನಿನ ಯೊಕೊಹಾಮಾ ಮುಟ್ಟಿದ. ನಡುವೆ ಉತ್ತರ ಭಾರತವನ್ನೂ ಹಾದುಹೋದ. ತುರ್ಕಿಯ ಊರುಗಳಲ್ಲಿ ಜನ ಅವನನ್ನು ಮುತ್ತಿಕೊಂಡು, ಹತ್ತಿ ತೋರಿಸು ಎಂದು ಬಿಡದೆ ಕೇಳುತ್ತಿದ್ದರು. ಇವತ್ತು ಶಿರಾದಲ್ಲೋ ಬಾಗೇಪಲ್ಲಿಯಲ್ಲೋ ನಿಂತರೂ ಅದೇ. ಪ್ರಶ್ನೆಗಳೂ ಹೆಚ್ಚುಕಡಿಮೆ ಗೊತ್ತಿರುವವೇ: ಎಲ್ಲಿಂದ, ಎಲ್ಲಿಗೆ, ಒಬ್ಬರೇನಾ, ಸೈಕಲ್‌ಗೆ ಎಷ್ಟಾಯ್ತು, ಸರ್ಕಾರ ದುಡ್ಡು ಕೊಡುತ್ತಾ, ಬಸ್ಸಿರುವಾಗ ಯಾಕೆ ಈ ಕಷ್ಟ. ಬೇಸರಪಡಬೇಡಿ. ಕೇಳುವವರಿಗೆ ಅದು ಮೊದಲ ಸಲ.

ಬೆಲೆಯ ಪ್ರಶ್ನೆಯೊಂದಕ್ಕೆ ಮಾತ್ರ ಮೊದಲೇ ಉತ್ತರ ಇಟ್ಟುಕೊಂಡಿರಿ. 60,000 ರೂಪಾಯಿ ಎಂದರೆ ಅಂಗಡಿ ಮುಂದಿನ ಮಾತುಕತೆಯೆಲ್ಲ ಅಲ್ಲಿಗೇ ಅಂಟಿಕೊಳ್ಳುತ್ತದೆ, ರಾತ್ರಿ ಸೈಕಲ್ ಎಲ್ಲಿ ಇಡುತ್ತೀರಿ ಎಂಬ ಚಿಂತೆಯೂ ಸೇರುತ್ತದೆ. ಸುಳ್ಳು ಹೇಳಬೇಕಾಗಿಲ್ಲ. ‘ಎರಡು ಮೂರು ವರ್ಷ ಕೂಡಿಟ್ಟು ತಗೊಂಡೆ ಅಣ್ಣ’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ಮಾತು ಮುಂದೆ ಸಾಗುತ್ತದೆ.

ಮಕ್ಕಳು ಸೈಕಲ್ ಮುಟ್ಟುತ್ತಾರೆ. ಗದರಬೇಡಿ, ಬೆಲ್ ಹೊಡೆಯಲು, ಬ್ರೇಕ್ ಹಿಡಿಯಲು ನೀವೇ ಹೇಳಿಕೊಡಿ. ಕೈಗೆ ಕೆಲಸ ಸಿಕ್ಕರೆ ಗೇರಿನ ಕಡೆ ಕೈ ಹೋಗುವುದಿಲ್ಲ. ನಿಂತ ಸೈಕಲ್ಲಿನ ಗೇರ್ ಒತ್ತಿದರೆ ತಂತಿ ಎಳೆದುಕೊಳ್ಳುತ್ತದೆ, ಚೈನು ಮಾತ್ರ ಇದ್ದಲ್ಲೇ ಇರುತ್ತದೆ. ನೀವು ಹತ್ತಿ ತುಳಿದ ಕ್ಷಣ ಎರಡು ಮೂರು ಹಲ್ಲುಚಕ್ರ ಒಟ್ಟಿಗೆ ಹಾರಿ ಚೈನು ಸಿಕ್ಕಿಕೊಳ್ಳಬಹುದು, ಪೂರ್ತಿ ಭಾರ ಹಾಕಿ ತುಳಿದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಬಾಗಲೂಬಹುದು. ಹಾಗಾಗಿ ಯಾವುದೇ ಗುಂಪಿನಿಂದ ಹೊರಡುವ ಮುಂಚೆ ಮೂರು ಕೆಲಸ ಅಭ್ಯಾಸ ಮಾಡಿಕೊಳ್ಳಿ: ಹಿಂದಿನ ಚಕ್ರ ಎತ್ತಿ ಪೆಡಲ್ ಎರಡು ಸುತ್ತು ತಿರುಗಿಸಿ, ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ ಎರಡೂ ಚಕ್ರದಲ್ಲಿ ಮುಚ್ಚಿದೆಯೇ ಎಂದು ಕೈಯಿಂದ ಒತ್ತಿ ನೋಡಿ, ಎರಡೂ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ನೂಕಿ. ಅರ್ಧ ನಿಮಿಷ ಸಾಕು.

‘ಒಂದು ರೌಂಡ್ ಹೊಡೀಲಾ?’ ಎಂದು ಕೇಳಿದರೆ? ಕೊಡಬಹುದು, ಆದರೆ ಸಾಮಾನು ಇಳಿಸಿ ಕೊಡಿ. ಚೀಲಗಳ ಸಮೇತ ಸೈಕಲ್ 35 ಕೆ.ಜಿ. ದಾಟಿರುತ್ತದೆ, ಮುಂದಿನ ಚಕ್ರಕ್ಕೂ ಚೀಲ ಕಟ್ಟಿದ್ದರೆ ಹ್ಯಾಂಡಲ್ ಎಳೆದಂತಾಗುತ್ತದೆ. ಇನ್ನೊಂದು ಅಪಾಯ ಬ್ರೇಕಿನದು. ಕಂಬಿ ಬ್ರೇಕಿನ ಹಳೆಯ ಸೈಕಲ್ ಓಡಿಸಿದವರ ಕೈ ಬಲವಾಗಿ ಹಿಡಿದು ಅಭ್ಯಾಸ. ಡಿಸ್ಕ್ ಬ್ರೇಕನ್ನು ಅಷ್ಟೇ ಬಲವಾಗಿ ಹಿಡಿದರೆ ಮುಂದಿನ ಚಕ್ರ ಕಚ್ಚಿ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಹೊರದೇಶದ ಸೈಕಲ್‌ಗಳಲ್ಲಿ ಮುಂದಿನ ಬ್ರೇಕ್ ಎಡಗೈಗೆ ಇರುವುದೂ ಉಂಟು. ನಮ್ಮ ಸಾದಾ ಸೈಕಲ್ಲಿನಲ್ಲಿ ಅದು ಬಲಗೈಗೆ. ಹತ್ತಿಸುವ ಮುಂಚೆ ‘ಎರಡೇ ಬೆರಳು ಸಾಕು’ ಎಂದು ಹೇಳಿ, ಪಕ್ಕದಲ್ಲೇ ನಡೆಯಿರಿ. ಕುಡಿದವರಿಗೆ ಕೊಡಬೇಡಿ; ‘ಬೋಲ್ಟು ಲೂಸಾಗಿದೆ ಯಜಮಾನ್ರೇ’ ಎಂದು ತಪ್ಪಿಸಿಕೊಳ್ಳಿ.

ದಾರಿ ಕೇಳುವುದರಲ್ಲಿ ಬಹಳ ಜನ ಎಡವುತ್ತಾರೆ. ಫೋನಿನ ನಕ್ಷೆ ಇದ್ದರೂ ಕೇಳಬೇಕಾಗುತ್ತದೆ, ಯಾಕೆಂದರೆ ಯಾವ ರಸ್ತೆ ಅಗೆದಿದ್ದಾರೆ, ಯಾವ ಕೆರೆ ಕೋಡಿ ಬಿದ್ದು ಹರಿಯುತ್ತಿದೆ ಎನ್ನುವುದು ನಕ್ಷೆಗೆ ತಿಳಿಯದು. ‘ಇದು ಮಧುಗಿರಿಗೆ ಹೋಗುತ್ತಾ?’ ಎಂದು ಕೇಳಬೇಡಿ. ನಮ್ಮ ಜನಕ್ಕೆ ಇಲ್ಲ ಎನ್ನಲು ಸಂಕೋಚ, ಹೂಂ ಎಂದುಬಿಡುತ್ತಾರೆ. ಹೇಗೋ ಸುತ್ತಿ ಬಳಸಿ ಹೋದರೆ ಎಲ್ಲ ರಸ್ತೆಯೂ ಮಧುಗಿರಿಗೆ ಹೋಗುತ್ತದಲ್ಲ! ‘ಈ ದಾರಿ ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿ. ದೂರದ ಪಟ್ಟಣದ ಹೆಸರು ಬಿಟ್ಟು ಮುಂದಿನ ಹಳ್ಳಿಯ ಹೆಸರು ಹಿಡಿಯಿರಿ. ತುಮಕೂರಿನಲ್ಲಿ ನಿಂತು ಪಾವಗಡದ ದಾರಿ ಕೇಳಿದರೆ ಎಲ್ಲರೂ ಬಸ್ಸಿನ ದಾರಿಯನ್ನೇ ಹೇಳುತ್ತಾರೆ. ಕೊರಟಗೆರೆ, ಆಮೇಲೆ ಮಧುಗಿರಿ, ಆಮೇಲೆ ಮಿಡಿಗೇಶಿ ಎಂದು ತುಂಡು ತುಂಡಾಗಿ ಕೇಳುತ್ತ ಹೋದರೆ ಒಳದಾರಿಗಳು ಸಿಗುತ್ತವೆ. ‘ಇಲ್ಲೇ, ಹತ್ತು ನಿಮಿಷ’ ಅಂದರೆ ಬೈಕಿನ ಹತ್ತು ನಿಮಿಷ. ಅದು ನಿಮಗೆ ಅರ್ಧ ಗಂಟೆ, ಏರಿದ್ದರೆ ಮುಕ್ಕಾಲು.

ಏರಿನ ಬಗ್ಗೆ ಬೈಕಿನವರನ್ನು ಕೇಳಿ ಪ್ರಯೋಜನವಿಲ್ಲ, ಅವರ ಕೈಗೆ ಅದು ತಿಳಿಯುವುದೇ ಇಲ್ಲ. ಬಸ್ಸು, ಲಾರಿಯ ಡ್ರೈವರನ್ನು ಕೇಳಿ. ‘ಲೋಡಿದ್ದಾಗ ಎಷ್ಟನೇ ಗೇರಲ್ಲಿ ಹತ್ತುತ್ತೆ?’ ಎರಡನೆಯದು ಎಂದರೆ ನೀವೂ ಚಿಕ್ಕ ಗೇರಿಗೆ ಸಿದ್ಧರಾಗಿ. ಒಂದನೆಯದು ಎಂದರೆ ಇಳಿದು ನೂಕುವ ಸಾಧ್ಯತೆ ಇದೆ. ದೇವರಾಯನದುರ್ಗ, ನಂದಿ ಬೆಟ್ಟದಂಥ ರಸ್ತೆಗಳಿಗೆ ಈ ಪ್ರಶ್ನೆ ಬಹಳ ಸಹಾಯ.

ಭಾಷೆ ಬಗ್ಗೆ ಒಂದು ಮಾತು. ಪಾವಗಡ, ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗಾದವರು ಬಹಳ; ಕೆಜಿಎಫ್‌ನಲ್ಲಿ ತಮಿಳು. ಅಲ್ಲಿನವರಿಗೆ ಕನ್ನಡ ಬರುತ್ತದೆ, ಆದರೆ ‘ಈ ದಾರಿ ಎಕ್ಕಡಿಕಿ ಪೋತುಂದಿ?’, ‘ಕೊಂಚಂ ನೀಳ್ಳು’ (ಸ್ವಲ್ಪ ನೀರು) ಎಂಬ ಎರಡು ತೆಲುಗು ಮಾತು ಕಲಿತು ಹೋದರೆ ಅಜ್ಜಿಯರೂ ಮಾತಿಗೆ ಕೂರುತ್ತಾರೆ. ಜೊತೆಗೊಂದು ಕಾಗದ ಇರಲಿ. ನಿಮ್ಮ ಹೆಸರು, ಊರು, ದಾರಿಯ ಸಣ್ಣ ನಕ್ಷೆ, ಯಾಕೆ ಹೊರಟಿದ್ದೀರಿ ಎಂಬ ಎರಡು ಸಾಲು, ಮನೆಯವರ ಫೋನ್ ಸಂಖ್ಯೆ. ಕನ್ನಡ ಮತ್ತು ತೆಲುಗಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿ. ಸಂಜೆ ದಣಿದು ಬಾಯಿ ಏಳದಿದ್ದಾಗ ಆ ಕಾಗದ ಕೊಟ್ಟರೆ ಒಬ್ಬರು ಓದಿ ಉಳಿದವರಿಗೆ ಹೇಳುತ್ತಾರೆ. 1962ರಲ್ಲಿ ಜರ್ಮನಿಯಿಂದ ಹೊರಟು ದಶಕಗಟ್ಟಲೆ ಲೋಕ ಸುತ್ತಿದ ಹೈಂಟ್ಸ್ ಸ್ಟ್ಯೂಕೆ ತನ್ನ ಪ್ರಯಾಣದ ಕಿರುಹೊತ್ತಗೆಗಳನ್ನು ದಾರಿಯಲ್ಲಿ ಸಿಕ್ಕವರಿಗೆ ಮಾರಿಯೇ ಖರ್ಚಿಗೆ ದುಡ್ಡು ಹೊಂದಿಸುತ್ತಿದ್ದ. ನೀವು ಮಾರಬೇಕಾಗಿಲ್ಲ, ತೋರಿಸಿದರೆ ಸಾಕು.

ಇನ್ನು ನೀರು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರೂ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಪಾವಗಡ ಸೀಮೆಯಲ್ಲಂತೂ ಇದು ಹಳೆಯ ನೋವು. ಹಾದುಹೋಗುವವರಿಗೆ ಒಂದೆರಡು ದಿನದಲ್ಲಿ ಕೇಡಾಗದು, ಆದರೂ ಕುಡಿಯಲು ಊರಿನ ಶುದ್ಧ ನೀರಿನ ಘಟಕವನ್ನೇ ಹುಡುಕಿ. ಅಲ್ಲೊಂದು ತೊಡಕಿದೆ. ನಾಣ್ಯ ಹಾಕಿದರೆ 20 ಲೀಟರ್ ಒಂದೇ ಸಲಕ್ಕೆ ಸುರಿಯುತ್ತದೆ, ನಿಮ್ಮ ಬಳಿ ಇರುವುದು ಒಂದು ಲೀಟರಿನ ಮೂರು ಬಾಟಲಿ. 17 ಲೀಟರ್ ಚರಂಡಿಗೆ ಹರಿಯುವುದನ್ನು ಊರವರು ನೋಡಿದರೆ ಅವರಿಗೆ ನೋವಾಗುತ್ತದೆ, ಆಗಬೇಕಾದದ್ದೇ. ಕ್ಯಾನ್ ಹಿಡಿದು ಬರುವವರಿಗಾಗಿ ಐದು ನಿಮಿಷ ಕಾಯಿರಿ. ಅವರ ನಾಣ್ಯ ನೀವು ಹಾಕಿ, ನಿಮ್ಮ ಬಾಟಲಿ ತುಂಬಿಕೊಂಡು ಉಳಿದದ್ದನ್ನು ಅವರ ಕ್ಯಾನಿಗೆ ಬಿಡಿ. ಊರಿನೊಂದಿಗೆ ಮೊದಲ ಮಾತು ಹುಟ್ಟಲು ಇದಕ್ಕಿಂತ ಒಳ್ಳೆಯ ಜಾಗ ನಮಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಬರೀ ನೀರು ಸಾಲದು: ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಯಾವ ಮನೆಯಲ್ಲಿ ಕೇಳಿದರೂ ಇವೆರಡೂ ಸಿಗುತ್ತವೆ. ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರಂತೂ ಬೇಡ ಎನ್ನಬೇಡಿ.

ಸೈಕಲ್ ಶಾಪಿನವರು ನಿಮ್ಮ ಪ್ರಯಾಣದಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸಕ್ಕೆ ಬರುವ ಅಪರಿಚಿತರು. ಅವರಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ತಿಳಿದುಕೊಂಡು ಹೋಗುವುದು ಅವರಿಗೆ ತೋರುವ ಮರ್ಯಾದೆ. ಪಂಕ್ಚರ್, ರಿಮ್ಮಿನ ಓಟ (ಚಕ್ರ ಅತ್ತಿತ್ತ ಆಡುವುದು) ತೆಗೆಯುವುದು, ಬೇರಿಂಗ್ ಬಿಚ್ಚಿ ಗ್ರೀಸ್ ಹಾಕುವುದು ಇವುಗಳಲ್ಲಿ ಹಳ್ಳಿಯ ಹಳೆಯ ಮೆಕ್ಯಾನಿಕ್ ಕೈ ಪಟ್ಟಣದವರಿಗಿಂತ ಚೆನ್ನ. ಕಬ್ಬಿಣದ ಕ್ಯಾರಿಯರ್ ಮುರಿದರೆ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಆಗುತ್ತದೆ. ಅಲ್ಯೂಮಿನಿಯಂ ಆಗುವುದಿಲ್ಲ, ಸುಟ್ಟು ಹೋಗುತ್ತದೆ. ಅದಕ್ಕೇ ದೂರದ ಪ್ರಯಾಣಕ್ಕೆ ಕಬ್ಬಿಣದ ಕ್ಯಾರಿಯರ್ ಒಳ್ಳೆಯದು.

ಸಿಗದೇ ಇರುವುದು ಭಾಗಗಳು. ಅಂಗಡಿಯಲ್ಲಿರುವ 28 ಇಂಚಿನ ಟೈರು 635 ಮಿ.ಮೀ. ರಿಮ್ಮಿಗೆ, ಗೇರ್ ಸೈಕಲ್ಲಿನ 700ಸಿ ರಿಮ್ಮು 622 ಮಿ.ಮೀ. ಆ ಟೈರು ಇದಕ್ಕೆ ಸಡಿಲ, ಕೂರುವುದೇ ಇಲ್ಲ. ಟ್ಯೂಬು ಮಾತ್ರ ಆಪತ್ತಿಗೆ ನಡೆಯುತ್ತದೆ, ರಿಮ್ಮಿನ ರಂಧ್ರ ಅಗಲವಿದ್ದರೆ. ತೆಳು ಪ್ರೆಸ್ಟಾ ವಾಲ್ವಿನ ರಂಧ್ರ 6.5 ಮಿ.ಮೀ., ಬೈಕಿನಂಥ ದಪ್ಪ ಶ್ರೇಡರ್ ವಾಲ್ವಿನದು 8.5. ಹೊಸ ಚಕ್ರ ಕಟ್ಟಿಸುವವರು 8.5ರದ್ದೇ ಆರಿಸಿ, ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಲ್ಲ ಕಡೆ ಸಿಗುತ್ತದೆ. ಪ್ರೆಸ್ಟಾ ಇದ್ದರೆ ಹಿತ್ತಾಳೆಯ ಅಡಾಪ್ಟರ್ ಎರಡು ಇಟ್ಟುಕೊಳ್ಳಿ, ಒಂದು ಕಳೆದುಹೋಗುತ್ತದೆ. ಕಂಪ್ರೆಸರ್ ಗಾಳಿ ರಭಸದ್ದು, ಸೈಕಲ್ ಟ್ಯೂಬಿನ ಹೊಟ್ಟೆ ಚಿಕ್ಕದು. ಒಂದೇ ಸಲ ಬಿಟ್ಟರೆ ಒಡೆಯುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಒತ್ತಡವನ್ನು ತೋರಿಸಿ, ‘ಸ್ವಲ್ಪ ಸ್ವಲ್ಪ ಬಿಡಿ ಅಣ್ಣ’ ಎನ್ನಿ. ಕಡ್ಡಿ ಮುರಿಯುವುದು ಹೆಚ್ಚಾಗಿ ಹಿಂದಿನ ಚಕ್ರದ ಚೈನಿನ ಬದಿ, ಬಿಗಿತ ಅಲ್ಲೇ ಹೆಚ್ಚು. ನಿಮ್ಮ ಚಕ್ರದ ಅಳತೆಯ ಕಡ್ಡಿ ನಾಲ್ಕಾರು, ಹಲ್ಲುಚಕ್ರ ಬಿಚ್ಚುವ ಟೂಲ್ ಒಂದು ನಿಮ್ಮಲ್ಲಿದ್ದರೆ ಉಳಿದದ್ದನ್ನು ಅವರು ಮಾಡಿಕೊಡುತ್ತಾರೆ.

ಶಿರಾ, ಮಧುಗಿರಿ, ಪಾವಗಡದ ರಸ್ತೆ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳು ಟೈರಿನೊಳಗೆ ಮುರಿದು ಉಳಿಯುತ್ತದೆ. ಟ್ಯೂಬು ಪ್ಯಾಚ್ ಹಾಕಿ ಕೂರಿಸಿದ ಎರಡು ಕಿಲೋಮೀಟರಿಗೆ ಮತ್ತೆ ಗಾಳಿ ಇಳಿಯುವುದು ಇದರಿಂದಲೇ. ಟೈರಿನ ಒಳಮೈಗೆ ಹತ್ತಿ ಸವರಿ, ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಇನ್ನೊಂದು ಎಚ್ಚರಿಕೆ: ಪ್ರೀತಿಯಿಂದ ಚೈನಿಗೆ ಎಣ್ಣೆ ಬಿಡುವವರು ಕಿರುಗುಟ್ಟುವ ಡಿಸ್ಕಿಗೂ ಎರಡು ಹನಿ ಬಿಟ್ಟುಬಿಡುತ್ತಾರೆ. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಮತ್ತೆ ಹಿಡಿಯುವುದು ಕಷ್ಟ, ಬದಲಿಸಬೇಕಾಗುತ್ತದೆ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ‘ಇದಕ್ಕೆ ಎಣ್ಣೆ ಬೇಡ’ ಎಂದು ಮೊದಲೇ ಹೇಳಿ. ಕೂಲಿಯನ್ನೂ ಮೊದಲೇ ಕೇಳಿ. ಬೇಡ ಎಂದರೂ ಕೊಡಿ, ಅದು ಅವರ ದುಡಿಮೆ.

ಡಿಸೆಂಬರ್, ಜನವರಿಯಲ್ಲಿ ಹೋಗುವವರಿಗೆ ರಸ್ತೆಯ ಮೇಲೆ ಕಣ ಸಿಗುತ್ತದೆ. ರಾಗಿ ತೆನೆ, ಹುರುಳಿ ಹರಡಿರುತ್ತಾರೆ, ವಾಹನ ಹರಿದು ಕಾಳು ಉದುರಲಿ ಎಂದು. ಅದು ಕಾನೂನಿಗೆ ಸರಿಯೇ ಎಂಬ ಚರ್ಚೆ ಅಲ್ಲಿ ನಿಂತು ಮಾಡಬೇಡಿ. ಅದರ ಮೇಲೆ ತುಳಿಯಲೂ ಬೇಡಿ: ಹುರುಳಿ ಬಳ್ಳಿ ಡಿರೇಲರಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡರೆ ಡಿರೇಲರೇ ಚಕ್ರದ ಕಡ್ಡಿಗಳೊಳಗೆ ಎಳೆದುಕೊಂಡು ಮುರಿಯುತ್ತದೆ, ಒದ್ದೆ ಹುಲ್ಲಿನ ಮೇಲೆ ಟೈರು ಜಾರುತ್ತದೆ. ಇಳಿದು ಅಂಚಿನಲ್ಲಿ ನೂಕಿಕೊಂಡು ಹೋಗಿ. ಕಣದಲ್ಲಿ ಇಡೀ ಮನೆಯವರು ಇರುತ್ತಾರೆ; ನಡೆಯುವವರನ್ನು ಮಾತಾಡಿಸದೆ ಬಿಡುವುದಿಲ್ಲ, ಊಟದ ಹೊತ್ತಾಗಿದ್ದರೆ ಮುದ್ದೆಗೆ ಕರೆಯುತ್ತಾರೆ. ಒಪ್ಪಿಕೊಂಡರೆ ಅರ್ಧ ಮುದ್ದೆಯಿಂದ ಶುರುಮಾಡಿ. ತುಂಬಿದ ಹೊಟ್ಟೆಯಲ್ಲಿ ಬಿಸಿಲಿಗೆ ತುಳಿಯಲಾಗುವುದಿಲ್ಲ, ತಟ್ಟೆಯಲ್ಲಿ ಬಿಟ್ಟು ಏಳುವುದು ಇಲ್ಲಿ ತಪ್ಪು. ಊಟಕ್ಕೆ ದುಡ್ಡು ಕೊಡಲು ಹೋಗಬೇಡಿ.

ರಾತ್ರಿ ತಂಗುವ ವಿಷಯಕ್ಕೆ ಬರೋಣ, ಬಹಳ ತಪ್ಪುಗಳು ಆಗುವುದು ಇಲ್ಲೇ. ನಮ್ಮ ಕಡೆ ನವೆಂಬರಿನಲ್ಲಿ 6ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲಿ 6.50ರ ಸುಮಾರಿಗೆ. ಯಾವ ಕಾಲವಾದರೂ ನಾಲ್ಕೂವರೆಗೆ ಊರು ಸೇರಿ. ಬೆಳಕಿನಲ್ಲಿ ಬಂದವನು ಪ್ರಯಾಣಿಕ. ಕತ್ತಲಲ್ಲಿ ಬಂದವನು ಯಾರೋ ಏನೋ. ನಾಲ್ಕೂವರೆಗೆ ಪಂಚಾಯಿತಿ ಕಚೇರಿ ತೆರೆದಿರುತ್ತದೆ, ಇನ್ನು ಸ್ವಲ್ಪ ಹೊತ್ತಿಗೆ ಹಾಲಿನ ಡೈರಿಗೆ ಕ್ಯಾನ್ ಹಿಡಿದು ಅರ್ಧ ಊರು ಬರುತ್ತದೆ. ಡೈರಿ ಮುಂದೆ ಸೈಕಲ್ ಒರಗಿಸಿ, ನೀರು ಕೇಳಿ, ಮಾತಾಡಿ, ಆಮೇಲೆ ‘ಇವತ್ತು ರಾತ್ರಿ ಎಲ್ಲಾದರೂ ಮಲಗೋಕೆ ಜಾಗ ಸಿಗುತ್ತಾ?’ ಎನ್ನಿ. ನಾಲ್ಕು ಜನರ ಎದುರು ಕೇಳಿದ ಮಾತಿಗೆ ಊರು ಹೊಣೆಯಾಗುತ್ತದೆ. ಒಬ್ಬರನ್ನೇ ಮೂಲೆಯಲ್ಲಿ ಕೇಳಿದರೆ ಆ ಭಾರವೆಲ್ಲ ಅವರೊಬ್ಬರ ತಲೆಗೆ. ಊರಲ್ಲಿ ಎರಡು ಪಂಗಡವಿದ್ದರೆ ನೀವು ಗೊತ್ತಿಲ್ಲದೆ ಒಂದರ ಅತಿಥಿಯಾಗಿಬಿಡುತ್ತೀರಿ. ಮನೆಗಿಂತ ಸಮುದಾಯ ಭವನ, ದೇವಸ್ಥಾನದ ಛತ್ರ ಒಳ್ಳೆಯದು. ಶಾಲೆಯಾದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು, ಮಕ್ಕಳು ಬರುವ ಮುಂಚೆ ಗುಡಿಸಿ ಖಾಲಿ ಮಾಡಬೇಕು. ತುಮಕೂರಿನಲ್ಲಾದರೆ ಊಟದ ಚಿಂತೆಯಿಲ್ಲ, ಸಿದ್ಧಗಂಗೆಯ ದಾಸೋಹದಲ್ಲಿ ಬಂದವರಿಗೆಲ್ಲ ಊಟವಿದೆ.

ಬೆಟ್ಟದ ಬುಡದಲ್ಲಿ, ಹಾಳು ಮಂಟಪದಲ್ಲಿ ಟೆಂಟ್ ಹಾಕುವುದು ಚಿತ್ರಕ್ಕೆ ಚೆನ್ನ. ಆದರೆ ತುಮಕೂರು ಜಿಲ್ಲೆಯ ಬೆಟ್ಟಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ, ಜನರ ಮೇಲೆ ಬಿದ್ದದ್ದೂ ಇದೆ. ‘ಅಲ್ಲಿ ಬೇಡ, ಊರೊಳಗೆ ಬನ್ನಿ’ ಎಂದು ಕುರಿ ಕಾಯುವವರು ಹೇಳಿದರೆ ವಾದ ಮಾಡಬೇಡಿ.

ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಎರಡು ಮಾತು. ‘ಒಬ್ಬರೇನಾ?’ ಎಂದರೆ ‘ಹಿಂದೆ ಬರ್ತಿದ್ದಾರೆ’ ಎಂಬ ಉತ್ತರ ಸಾಕು; ಮುಂದಿನ ತಂಗುವ ಊರಿನ ಹೆಸರನ್ನು ರಸ್ತೆಯಲ್ಲಿ ಕೇಳಿದವರಿಗೆ ಹೇಳಬೇಡಿ. ಹಳ್ಳಿಯಲ್ಲಿ ಮೊದಲು ವಿಚಾರಿಸಬೇಕಾದದ್ದು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ. ಯಾವ ಮನೆಯಲ್ಲಿ ಅತ್ತೆ, ಸೊಸೆ, ಮಕ್ಕಳು ಇದ್ದಾರೆ, ಎಲ್ಲಿ ಶೌಚಾಲಯ ಸರಿಯಿದೆ ಎಂಬುದು ಅವರಿಗೆ ಗೊತ್ತು. ಬೈಕೊಂದು ಹಿಂದೆಯೇ ಬರುತ್ತಿದ್ದರೆ ವೇಗ ಹೆಚ್ಚಿಸಿ ಉಪಯೋಗವಿಲ್ಲ. ಮೊದಲು ಸಿಗುವ ಅಂಗಡಿ ಅಥವಾ ಪೆಟ್ರೋಲ್ ಬಂಕಿನಲ್ಲಿ ನಿಂತು, ಗಾಡಿ ನಂಬರನ್ನು ಎಲ್ಲರಿಗೂ ಕೇಳುವಂತೆ ಫೋನಿನಲ್ಲಿ ಹೇಳಿ, 112ಕ್ಕೆ ಕರೆ ಮಾಡಿ.

ಹೆದ್ದಾರಿಯಲ್ಲಿ ಕೇಡು ಬಯಸುವವರಿಗಿಂತ ಅಭಿಮಾನಿಗಳಿಂದಲೇ ಅಪಾಯ ಹೆಚ್ಚು. ಬೈಕಿನಲ್ಲಿ ಪಕ್ಕಕ್ಕೆ ಬಂದು ವಿಡಿಯೋ ಮಾಡುತ್ತ ಮಾತಾಡಿಸುತ್ತಾರೆ. ಅವರ ಕಣ್ಣು ಫೋನಿನ ಮೇಲೆ, ನಿಮ್ಮ ಚೀಲಗಳು ಎರಡೂ ಬದಿಗೆ ಚಾಚಿವೆ, ಹಿಂದಿನಿಂದ ಲಾರಿ. ತುಳಿಯುತ್ತ ಉತ್ತರ ಕೊಡಬೇಡಿ. ಕೈ ಮುಂದೆ ತೋರಿಸಿ ‘ಮರದ ಕೆಳಗೆ ನಿಲ್ಲಿ, ಬಂದೆ’ ಎನ್ನಿ. ಟ್ರ್ಯಾಕ್ಟರ್ ಹಿಡಿದುಕೊಂಡು ಏರು ಹತ್ತುವ ಆಹ್ವಾನವನ್ನು ಒಪ್ಪಲೇಬೇಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿಯಿರಿ, ಸೈಕಲ್ಲನ್ನು ನಡುವೆ ಹಿಡಿದು ನಡೆಯಿರಿ. ಓಡುವ ಕಾಲು ನಿಂತರೆ ಹೆಚ್ಚಿನವು ನಿಲ್ಲುತ್ತವೆ. ಕಚ್ಚಿದರೆ ಮೊದಲ ಕೆಲಸ ಆಸ್ಪತ್ರೆಯಲ್ಲ, ನಲ್ಲಿ: ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಸುಣ್ಣ, ಅರಿಶಿನ ಬೇಡ, ಯಾರು ಎಷ್ಟೇ ಪ್ರೀತಿಯಿಂದ ತಂದರೂ. ಆಮೇಲೆ ಅದೇ ದಿನ ಲಸಿಕೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಚೀಟಿ ಜೋಪಾನ ಮಾಡಿದರೆ ಮುಂದಿನ ಡೋಸನ್ನು ಬೇರೆ ಊರಿನಲ್ಲೂ ತೆಗೆದುಕೊಳ್ಳಬಹುದು.

ಕೊನೆಗೆ ಸೈಕಲ್ ಹತ್ತದೆ ಇಲ್ಲಿ ಕುಳಿತಿರುವವರಿಗೆ. ಪುಣೆ ಕಡೆಯಿಂದ ಬೆಂಗಳೂರಿಗೆ ಬರುವ ಸವಾರರು ರಾಷ್ಟ್ರೀಯ ಹೆದ್ದಾರಿ 48 ಹಿಡಿದು ನಿಮ್ಮ ಊರುಗಳನ್ನೇ ದಾಟುತ್ತಾರೆ. ರಸ್ತೆಯಲ್ಲಿ ಬಿದ್ದಿದ್ದರೆ ಎತ್ತಲು ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಸದುದ್ದೇಶದಿಂದ ನೆರವಾದವರನ್ನು ಕಾಪಾಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮನೆಗೆ ಬಂದವರಿಗೆ ಮೊದಲು ಒಂದು ಬಕೆಟ್ ನೀರು, ಫೋನಿಗೆ ಪ್ಲಗ್ಗು, ಸೈಕಲ್ಲಿಗೆ ಬಾಗಿಲೊಳಗೆ ಜಾಗ ಕೊಡಿ. ಪ್ರಶ್ನೆಗಳು ಊಟವಾದ ಮೇಲೆ. ಏಳೂವರೆಗೆ ಬಡಿಸಿದರೆ ಒಳ್ಳೆಯದು, ಅವರು ಐದಕ್ಕೆ ಏಳುವವರು. ಸೈಕಲ್ ಎತ್ತಿಡಬೇಕಾದರೆ ಚೀಲ, ಸೀಟು ಹಿಡಿಯದೆ ಚೌಕಟ್ಟಿನ ಕೊಳವೆ ಹಿಡಿದು ಎತ್ತಿ. ಬಂದವರು ಹೊರದೇಶದವರಾದರೆ, ಮನೆಯಲ್ಲಿ ಮಲಗಿಸಿಕೊಂಡವರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಸಲ್ಲಿಸಬೇಕು. ಮೊದಲು ಸಿ-ಫಾರಂ ಎನ್ನುತ್ತಿದ್ದ ನಮೂನೆ ಯಾವುದು ಎಂದು ಠಾಣೆಯಲ್ಲಿ ಕೇಳಿದರೆ ಹೇಳುತ್ತಾರೆ. ಪಾಸ್‌ಪೋರ್ಟು, ವೀಸಾದ ಫೋಟೋ ಬಂದ ಕೂಡಲೇ ತೆಗೆದುಕೊಂಡರೆ ಬೆಳಿಗ್ಗೆ ಪರದಾಡಬೇಕಾಗುವುದಿಲ್ಲ. ಹೊರಡುವಾಗ ಅವರಿಗೆ ಮುಂದಿನ 20 ಕಿಲೋಮೀಟರಿನ ಸುದ್ದಿ ಹೇಳಿ: ಎಲ್ಲಿ ರಸ್ತೆ ಅಗೆದಿದ್ದಾರೆ, ಎಲ್ಲಿ ನಾಯಿಗಳಿವೆ, ತಿಂಡಿ ಹೋಟೆಲ್ ಎಷ್ಟು ಹೊತ್ತಿಗೆ ತೆಗೆಯುತ್ತದೆ.